ಫೋರ್ಕಿನ ಡ್ಯಾಂಪರ್: ಯಾವ ಸವಾರಿಗೆ ಯಾವುದು?

ಪ್ರಶ್ನೆ: ಮೇಡಂ, ನನ್ನದು ಹಾರ್ಡ್‌ಟೇಲ್ ಸೈಕಲ್ (ಮುಂದೆ ಮಾತ್ರ ಸಸ್ಪೆನ್ಷನ್). ತೂಕ 78 ಕೆ.ಜಿ. ಮನೆ ಬನಶಂಕರಿಯಲ್ಲಿ. ಭಾನುವಾರ ತುರಹಳ್ಳಿ ಕಡೆ ಹೋಗುತ್ತೇನೆ, ಆಗಾಗ ನಂದಿ ಬೆಟ್ಟ. ಸೆಕೆಂಡ್‌ಹ್ಯಾಂಡ್ ಫಾಕ್ಸ್ 34 ಸಸ್ಪೆನ್ಷನ್ ಫೋರ್ಕು ಎರಡು ಸಿಗುತ್ತಿವೆ. ಎರಡಕ್ಕೂ 130 ಮಿ.ಮೀ. ಟ್ರಾವೆಲ್ (ಫೋರ್ಕ್ ಕುಗ್ಗುವ ದೂರ). ಒಂದರಲ್ಲಿ ಫಿಟ್4 ಡ್ಯಾಂಪರ್, ಇನ್ನೊಂದರಲ್ಲಿ ಗ್ರಿಪ್2. ಗ್ರಿಪ್2ಗೆ ರೇಟು ಜಾಸ್ತಿ. ಗೆಳೆಯರೆಲ್ಲ ಅದನ್ನೇ ತಗೋ ಅನ್ನುತ್ತಾರೆ. ನೀವೇನು ಹೇಳುತ್ತೀರಿ?
– ಒಬ್ಬ ಓದುಗ, ಬನಶಂಕರಿ

ಉತ್ತರ: ನಿಮಗೆ ಫಿಟ್4 ಸಾಕು. ದುಡ್ಡು ಉಳಿಯಲಿ ಅಂತ ಹೇಳುತ್ತಿಲ್ಲ. ನಿಮ್ಮ ಸವಾರಿಗೆ ಅದೇ ಹೊಂದುತ್ತದೆ.

ಡ್ಯಾಂಪರ್ ಅಂದರೆ ಫೋರ್ಕ್ ಕುಗ್ಗುವ, ಮೇಲೇಳುವ ವೇಗವನ್ನು ಎಣ್ಣೆಯಿಂದ ಹಿಡಿತದಲ್ಲಿಡುವ ಭಾಗ. ಗ್ರಿಪ್2ನಲ್ಲಿ ತಿರುಗಿಸುವುದಕ್ಕೆ ನಾಲ್ಕು ನಾಬ್ ಇವೆ. ಕಂಪ್ರೆಷನ್‌ಗೆ (ಕುಗ್ಗುವುದಕ್ಕೆ) ಎರಡು, ರೀಬೌಂಡ್‌ಗೆ (ಮತ್ತೆ ಮೇಲೇಳುವುದಕ್ಕೆ) ಎರಡು. ಒಂದೊಂದರಲ್ಲೂ ಲೋ ಸ್ಪೀಡ್, ಹೈ ಸ್ಪೀಡ್ ಅಂತ ಬೇರೆ ಬೇರೆ. ತುಂಬ ಜನ ಇದನ್ನು ಸೈಕಲ್ಲಿನ ವೇಗ ಅಂದುಕೊಳ್ಳುತ್ತಾರೆ. ಅಲ್ಲ, ಅದು ಫೋರ್ಕ್ ಒಳಗೆ ಹೋಗುವ, ಹೊರಗೆ ಬರುವ ವೇಗ. ತುರಹಳ್ಳಿಯ ಬಂಡೆ ಮೇಲಿಂದ ನಡಿಗೆಯ ವೇಗದಲ್ಲೇ ಒಂದಡಿ ಕೆಳಗೆ ಇಳಿಯಿರಿ. ಮುಂದಿನ ಚಕ್ರ ನೆಲಕ್ಕೆ ಧಪ್ ಅಂತ ಬೀಳುತ್ತದೆ, ಫೋರ್ಕ್ ಒಂದೇ ಏಟಿಗೆ ಕುಸಿಯುತ್ತದೆ. ಅದು ಹೈ ಸ್ಪೀಡ್. ನಂದಿ ಬೆಟ್ಟದಿಂದ ಡಾಂಬರಿನಲ್ಲಿ ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಹಿಡಿದರೆ ಹ್ಯಾಂಡಲ್ ನಿಧಾನಕ್ಕೆ ಮುಂದಕ್ಕೆ ಬಾಗುತ್ತದಲ್ಲ, ಸೈಕಲ್ ಎಷ್ಟೇ ಜೋರಾಗಿ ಓಡುತ್ತಿದ್ದರೂ ಅದು ಲೋ ಸ್ಪೀಡ್.

ನೀವು ಹೇಳಿದ ಸವಾರಿಯಲ್ಲಿ ಕಾಡುವುದು ಹೆಚ್ಚಾಗಿ ಈ ಎರಡನೆಯದೇ. ಬ್ರೇಕ್ ಹಿಡಿದಾಗ ಮುಗ್ಗರಿಸುವುದು, ನಿಂತು ತುಳಿದಾಗ ಫೋರ್ಕ್ ಕುಣಿಯುವುದು. ಫಿಟ್4ನಲ್ಲಿ ಅದಕ್ಕೆ ಬೇಕಾದ್ದಿದೆ. ಮೇಲಿನ ನೀಲಿ ಲಿವರ್‌ಗೆ ಓಪನ್, ಮೀಡಿಯಂ, ಫರ್ಮ್ ಅಂತ ಮೂರು ಜಾಗ. ಓಪನ್‌ನಲ್ಲಿಟ್ಟಾಗ ನಡುವಿನ ಕಪ್ಪು ನಾಬ್‌ನಿಂದ ಲೋ ಸ್ಪೀಡ್ ಕಂಪ್ರೆಷನ್ ಹೆಚ್ಚು ಕಡಿಮೆ ಮಾಡಬಹುದು. ಮನೆಯಿಂದ ತುರಹಳ್ಳಿ ಕಾಡಿನವರೆಗೂ ಡಾಂಬರು, ನಂದಿಯ ಏರು ಪೂರ್ತಿ ಡಾಂಬರು. ಆಗ ಫರ್ಮ್‌ಗೆ ಹಾಕಿ ನೆಮ್ಮದಿಯಾಗಿ ತುಳಿಯಬಹುದು. ಗ್ರಿಪ್2ನಲ್ಲಿ ಲಾಕೌಟ್ (ಫೋರ್ಕನ್ನು ಗಟ್ಟಿ ಮಾಡುವ ವ್ಯವಸ್ಥೆ) ಇಲ್ಲ. ಲೋ ಸ್ಪೀಡ್ ಕಂಪ್ರೆಷನ್ ಪೂರ್ತಿ ಬಿಗಿ ಮಾಡಿದರೂ ಅಷ್ಟು ಗಟ್ಟಿ ಆಗುವುದಿಲ್ಲ.

ಹಾಗಾದರೆ ಗ್ರಿಪ್2 ಯಾರಿಗೆ? ಕಲ್ಲು ಬೇರುಗಳ ಮೇಲೆ ಬಿಡುವಿಲ್ಲದೆ ಉದ್ದಕ್ಕೆ ಇಳಿಯುವವರಿಗೆ, ಎತ್ತರದಿಂದ ಕೆಳಕ್ಕೆ ಡ್ರಾಪ್ ಹಾರುವವರಿಗೆ. ಹಾಗೇ ಕಂಪನಿ ಅಂದಾಜು ಮಾಡಿದ ತೂಕಕ್ಕಿಂತ ತುಂಬ ಹಗುರ ಅಥವಾ ತುಂಬ ಭಾರ ಇರುವವರಿಗೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಡ್ಯಾಂಪರ್ ಕೊಳ್ಳುವಾಗ ಎಲ್ಲರೂ ಸವಾರಿಯ ಶೈಲಿ ಕೇಳುತ್ತಾರೆ, ಮೈತೂಕ ಯಾರೂ ಕೇಳುವುದಿಲ್ಲ. ನಿಮ್ಮ 78 ಕೆ.ಜಿ.ಗೆ ಕಂಪನಿಯೇ ಹೊಂದಿಸಿಟ್ಟ ಫ್ಯಾಕ್ಟರಿ ಟ್ಯೂನ್ ಸರಿಯಾಗಿಯೇ ಕೂರುತ್ತದೆ.

ಕೊಳ್ಳುವ ಮುಂಚೆ ಲಿವರ್ ಫರ್ಮ್‌ಗೆ ಹಾಕಿ ಹ್ಯಾಂಡಲ್ ಒತ್ತಿ ನೋಡಿ. ಮೊದಲ ಎರಡು ಮೂರು ಸೆಂ.ಮೀ. ಸಲೀಸಾಗಿ ಹೋಗಿ ಆಮೇಲೆ ಗಟ್ಟಿಯಾದರೆ ಎಣ್ಣೆಯೊಳಗೆ ಗಾಳಿ ಸೇರಿರಬಹುದು. ಸರ್ವಿಸ್ ಖರ್ಚು ಕಳೆದು ರೇಟು ಮಾತಾಡಿ. ಫೋರ್ಕಿನ ಮೇಲಿನ ಕೊಳವೆಗಳ ಹಿಂಭಾಗವನ್ನೂ ಬೆರಳಾಡಿಸಿ ನೋಡಿ. ಲೇಪ ಸವೆದು ಬೆಳ್ಳಗಾಗಿದ್ದರೆ ಬೇಡವೇ ಬೇಡ. ನಿಮ್ಮ ಮುಂದಿನ ಚಕ್ರದ ಹಬ್ 15 ಮಿ.ಮೀ. ಆಕ್ಸಲ್‌ನ, 110 ಮಿ.ಮೀ. ಅಗಲದ ಬೂಸ್ಟ್ ಹಬ್ಬೇ ಅಂತಲೂ ಖಚಿತ ಮಾಡಿಕೊಳ್ಳಿ. ಹಳೆಯ ಕ್ವಿಕ್ ರಿಲೀಸ್ ಚಕ್ರ ಇದಕ್ಕೆ ಕೂರುವುದಿಲ್ಲ. ಫ್ರೇಮ್ 100 ಮಿ.ಮೀ. ಫೋರ್ಕಿಗೆ ಮಾಡಿದ್ದಾದರೆ 130 ಹಾಕಬೇಡಿ. ಮುಂಭಾಗ ಎತ್ತರವಾಗಿ ಸೈಕಲ್ ತಿರುಗುವ ರೀತಿಯೇ ಬದಲಾಗುತ್ತದೆ, ಫ್ರೇಮಿಗೂ ಒಳ್ಳೆಯದಲ್ಲ.

ಪ್ರಶ್ನೆ: ನನ್ನ ತೂಕ 49 ಕೆ.ಜಿ. ಆವಲಹಳ್ಳಿ ಕಾಡಿನಲ್ಲಿ ಓಡಿಸುತ್ತೇನೆ. ರಾಕ್‌ಶಾಕ್ಸ್ ರೆಕಾನ್ ಫೋರ್ಕ್, ಮೋಷನ್ ಕಂಟ್ರೋಲ್ ಡ್ಯಾಂಪರ್. ಬೇರುಗಳು ಸಾಲಾಗಿ ಬಂದರೆ ಮೊದಲೆರಡು ಚೆನ್ನಾಗಿ ನುಂಗುತ್ತದೆ, ಆಮೇಲೆ ಕೈ ಅದುರುತ್ತದೆ. ದುಬಾರಿ ಡ್ಯಾಂಪರ್ ಬೇಕಾ ಮೇಡಂ?
– ಒಬ್ಬ ಓದುಗಳು, ಯಲಹಂಕ

ಉತ್ತರ: ಈಗಲೇ ಬೇಡಮ್ಮ. ಫೋರ್ಕ್ ಒಳಗೆ ಹೋಗಿದ್ದು ಮತ್ತೆ ಮೇಲೆ ಬರುವಷ್ಟರಲ್ಲಿ ಮುಂದಿನ ಬೇರು ಬಂದುಬಿಡುತ್ತಿದೆ, ಅಷ್ಟೆ. ಅಂದರೆ ರೀಬೌಂಡ್ ನಿಧಾನ. ಹಗುರ ಇರುವವರು ಫೋರ್ಕಿಗೆ ಗಾಳಿ ಕಡಿಮೆ ಹಾಕುತ್ತಾರೆ, ಆ ಗಾಳಿಯ ಸ್ಪ್ರಿಂಗ್ ಮೆತ್ತಗಾಗುತ್ತದೆ. ಮೆತ್ತನೆ ಸ್ಪ್ರಿಂಗಿಗೆ ಮೇಲಕ್ಕೆ ತಳ್ಳುವ ಬಲವೂ ಕಡಿಮೆ ಅಲ್ವಾ?

ಮೊದಲು ಸ್ಯಾಗ್ ನೋಡಿ, ಅಂದರೆ ನಿಮ್ಮ ಭಾರಕ್ಕೇ ಫೋರ್ಕ್ ಎಷ್ಟು ಕುಗ್ಗುತ್ತದೆ ಅಂತ. ಸವಾರಿಯ ಬಟ್ಟೆ, ನೀರಿನ ಬಾಟಲಿ ಸಮೇತ ಸೈಕಲ್ ಮೇಲೆ ನಿಂತುಕೊಳ್ಳಿ. ಕೊಳವೆಯ ಮೇಲಿನ ರಬ್ಬರ್ ಬಳೆಯನ್ನು ಸೀಲಿಗೆ ತಾಗಿಸಿ, ಮೆಲ್ಲಗೆ ಇಳಿದು ಅಳೆಯಿರಿ. 100 ಮಿ.ಮೀ. ಫೋರ್ಕಾದರೆ 20 ಮಿ.ಮೀ. ಹತ್ತಿರ ಇರಲಿ. ಆಮೇಲೆ ಫೋರ್ಕಿನ ಬಲಗಾಲಿನ ತುದಿಯ ರೀಬೌಂಡ್ ನಾಬನ್ನು ಮೊಲದ ಚಿತ್ರದ ಕಡೆಗೆ, ಅಂದರೆ ವೇಗದ ಕಡೆಗೆ, ಒಂದೊಂದೇ ಕ್ಲಿಕ್ ತಿರುಗಿಸಿ, ಅದೇ ಬೇರುಗಳ ಮೇಲೆ ಮತ್ತೆ ಓಡಿಸಿ. ಪೂರ್ತಿ ಮೊಲದ ಕಡೆ ತಿರುಗಿಸಿದರೂ ಸಾಲದಿದ್ದರೆ ಡ್ಯಾಂಪರ್ ಎಣ್ಣೆಯನ್ನು ತೆಳು ಮಾಡಿಸಿ. ಅದರಲ್ಲಿರುವುದು 5 ವೇಯ್ಟ್ (ಎಣ್ಣೆ ಎಷ್ಟು ಮಂದ ಅನ್ನುವ ಅಳತೆ). 2.5 ಹಾಕಿ ಕೊಡಿ ಅಂತ ಸರ್ವಿಸ್ ಮಾಡುವವರಿಗೆ ಹೇಳಿ. ಕಂಪ್ರೆಷನ್ ಕೂಡ ಮೆತ್ತಗಾಗುತ್ತದೆ, ಲಾಕೌಟ್ ಸ್ವಲ್ಪ ಸಡಿಲ ಅನ್ನಿಸಬಹುದು. ನಿಮ್ಮ ತೂಕಕ್ಕೆ ಅದರಿಂದ ತೊಂದರೆಯಿಲ್ಲ.