ಲೆಕ್ಕ ಬರೆದೂ ಸಾಲವಾದ ಮನೆ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ದಂಪತಿಯ ಒಪ್ಪಿಗೆ ಪಡೆದು ದಾಖಲಿಸುತ್ತಿದ್ದೇನೆ. ಅವರ ಗುರುತು ಸಿಗದಂತೆ ಊರು, ಉದ್ಯೋಗ ಮತ್ತು ಮೊತ್ತಗಳನ್ನು ಸ್ವಲ್ಪ ಬದಲಿಸಲಾಗಿದೆ. ಮೊತ್ತಗಳ ಪರಸ್ಪರ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇದೆ.

ಪತಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಕಡಿತಗಳೆಲ್ಲ ಹೋಗಿ ಕೈಗೆ ಬರುವ ಸಂಬಳ 31,400 ರೂಪಾಯಿ. ಓವರ್‌ಟೈಮ್ ಸಿಕ್ಕ ತಿಂಗಳು ಅದರ ಮೇಲೆ 1,500ರಿಂದ 4,000ದವರೆಗೆ ಬರುತ್ತದೆ. ಪತ್ನಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಅವರ ಗಳಿಕೆ ಮದುವೆಯ ಕಾಲದಲ್ಲಿಯೂ ವರಮಹಾಲಕ್ಷ್ಮಿಯಿಂದ ದೀಪಾವಳಿಯವರೆಗೂ 9,000ಕ್ಕೆ ಏರಿ, ಆಷಾಢ ಮತ್ತು ಧನುರ್ಮಾಸಗಳಲ್ಲಿ 3,000ಕ್ಕೆ ಇಳಿಯುತ್ತದೆ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಅವರ ಖಾತೆಗೆ ಜಮೆಯಾಗುತ್ತದೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಸಕ್ಕರೆ ಕಾಯಿಲೆ ಮತ್ತು ಬಿಪಿಗೆ ಮಾತ್ರೆ ತೆಗೆದುಕೊಳ್ಳುವ ಅತ್ತೆಯಿದ್ದಾರೆ, ಬಾಡಿಗೆ ಮನೆ. ಸಾಲ ಮೂರು ಬಗೆಯದು: ಚಿನ್ನದ ಸರ ಅಡವಿಟ್ಟು ಬ್ಯಾಂಕಿನಲ್ಲಿ ತೆಗೆದ 60,000, ಕ್ರೆಡಿಟ್ ಕಾರ್ಡಿನಲ್ಲಿ ಉಳಿದ 46,000, ಮತ್ತು ಸ್ವಸಹಾಯ ಸಂಘದ ಕಂತು.

ಅವರು ಬಂದದ್ದು ಹಣದ ಸಲಹೆಗಾಗಿ ಅಲ್ಲ, ಜಗಳದ ಕಾರಣಕ್ಕೆ. ದಿನವೂ ರಾತ್ರಿ ಊಟವಾದ ಮೇಲೆ ಪತಿ ಲೆಕ್ಕದ ಪುಸ್ತಕ ತೆರೆದು, ಬೆಳಿಗ್ಗೆ ಕೊಟ್ಟ ಹಣ ಎಲ್ಲಿ ಹೋಯಿತೆಂದು ಕೇಳುತ್ತಿದ್ದರು. ಸೊಪ್ಪು, ಹೂವು, ಮಗಳ ಪೆನ್ಸಿಲ್ ಎಲ್ಲಕ್ಕೂ ಉತ್ತರ ಹೇಳಬೇಕು. “ನೋಡಿ ಮೇಡಂ, ಇವರು ಲೆಕ್ಕ ಕೇಳೋ ಹೊತ್ತಿಗೆ ನನಗೆ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ” ಎಂದು ಪತ್ನಿ ಹೇಳಿದಾಗ ಪತಿ, “ಲೆಕ್ಕ ಕೇಳೋದೂ ತಪ್ಪಾ? ತಿಂಗಳ ಇಪ್ಪತ್ತಕ್ಕೆ ಕೈ ಖಾಲಿ, ಇದು ನನಗೊಬ್ಬನಿಗೇ ಚಿಂತೆ” ಎಂದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು.

ಪುಸ್ತಕವನ್ನು ತರಿಸಿ ನೋಡಿದೆ. ಅಚ್ಚುಕಟ್ಟಾಗಿ ಬರೆದಿದ್ದರು, ಆದರೆ ಅದನ್ನು ನಂಬುವಂತಿರಲಿಲ್ಲ. ಪ್ರತ್ಯೇಕವಾಗಿ ಮಾತನಾಡಿದಾಗ, ತರಕಾರಿಗೆ 100 ರೂಪಾಯಿ ಆದ ದಿನ 140 ಎಂದು ಬರೆಸಿ ಉಳಿದದ್ದನ್ನು ಸಾಸಿವೆ ಡಬ್ಬಿಗೆ ಹಾಕುತ್ತಿರುವುದನ್ನು ಪತ್ನಿ ತಾವಾಗಿಯೇ ಹೇಳಿದರು. ತವರಿನಲ್ಲಿ ತಂದೆಗೆ ಹುಷಾರಿಲ್ಲದಾಗ ಬರಿಗೈಯಲ್ಲಿ ಹೋಗುವುದು ಅವರಿಗೆ ಸಾಧ್ಯವಿರಲಿಲ್ಲ. ಪತಿಯ ಖರ್ಚಂತೂ ಆ ಪುಸ್ತಕದಲ್ಲಿ ಇರಲೇ ಇಲ್ಲ. ಅವರು ಫೋನಿನಲ್ಲಿ ಲೆಕ್ಕದ ಆ್ಯಪ್ ಒಂದನ್ನು ಹಾಕಿಕೊಂಡಿದ್ದು, ಬ್ಯಾಂಕಿನ ಸಂದೇಶಗಳನ್ನು ಓದಿ ಅದು ತಾನೇ ಪಟ್ಟಿ ಮಾಡುತ್ತಿತ್ತು. ಆದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕೊಟ್ಟ ಹಣ ಅಂಗಡಿಯ ಹೆಸರಿನಲ್ಲಿ ಬರುವುದು ಅಪರೂಪ. ಚಹಾದಂಗಡಿಯ ಮಾಲೀಕರ ಹೆಸರು, ಹೂವಿನಾಕೆಯ ಮಗನ ಹೆಸರು, ಹೀಗೆ ತಿಂಗಳ ಕೊನೆಗೆ ಅಪರಿಚಿತರ ಹೆಸರುಗಳ ಉದ್ದನೆಯ ಪಟ್ಟಿಯೊಂದು ಉಳಿಯುತ್ತಿತ್ತು. ಸಾಲದ್ದಕ್ಕೆ ಅವರು ಯುಪಿಐ ಲೈಟ್, ಅಂದರೆ ಸಣ್ಣ ಪಾವತಿಗಳಿಗೆಂದು ಮೊದಲೇ ಹಣ ತುಂಬಿಸಿಡುವ ಫೋನಿನ ಪರ್ಸು, ಬಳಸುತ್ತಿದ್ದರು. ಅದರಲ್ಲಿ ಹಣ ತುಂಬಿಸಿದ್ದು ಮಾತ್ರ ಪಾಸ್‌ಬುಕ್ಕಿನಲ್ಲಿ ಒಂದು ಸಾಲಾಗಿ ಕಾಣುತ್ತದೆಯೇ ಹೊರತು ಅದರಿಂದ ಮಾಡಿದ ಸಣ್ಣ ಸಣ್ಣ ಪಾವತಿಗಳು ಕಾಣುವುದಿಲ್ಲ. ಹೀಗೆ ಹೆಂಡತಿಯ ಪೆನ್ಸಿಲ್ ಖರ್ಚು ವಿಚಾರಣೆಗೆ ಒಳಗಾಗುತ್ತಿದ್ದ ಮನೆಯಲ್ಲಿ ಗಂಡನ ಚಹಾ, ಸಿಗರೇಟು ಮತ್ತು ಗೆಳೆಯರ ಊಟದ ಖರ್ಚು ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು.

ಈ ಹಂತದಲ್ಲಿ ಲೆಕ್ಕದ ಪುಸ್ತಕವನ್ನು ಮುಚ್ಚಿಡಲು ಹೇಳಿದೆ. ಅದರ ಬದಲು ಕಳೆದ ವರ್ಷ ಸಾಲ ಮಾಡಿದ ದಿನಗಳನ್ನು ಮಾತ್ರ ನೆನಪಿಸಿಕೊಳ್ಳಲು ಕೇಳಿದೆ. ಸರ ಅಡವಿಟ್ಟದ್ದು ಜೂನ್ ತಿಂಗಳಲ್ಲಿ, ಶಾಲೆಯ ಶುಲ್ಕಕ್ಕೆ. ಕಾರ್ಡ್ ಉಜ್ಜಿದ್ದು ಗೌರಿ-ಗಣೇಶ ಹಬ್ಬದ ಬಟ್ಟೆಗೆ, ಬೈಕಿನ ಟೈರು ಮತ್ತು ವಿಮೆಗೆ, ಅತ್ತೆಯ ರಕ್ತಪರೀಕ್ಷೆಗೆ, ಮತ್ತು ಮಾಘ ಮಾಸದಲ್ಲಿ ಒಂದರ ಹಿಂದೊಂದು ಬಂದ ಮದುವೆಗಳ ಮುಯ್ಯಿಗೆ. ಸೊಪ್ಪು, ಹೂವು, ಪೆನ್ಸಿಲ್‌ಗಳಿಂದಾದ ಸಾಲ ಒಂದೂ ಇರಲಿಲ್ಲ. ಜೂನ್ ತಿಂಗಳು ಪ್ರತಿ ವರ್ಷವೂ ಬರುತ್ತದೆ, ಗೌರಿ ಹಬ್ಬವೂ ಬರುತ್ತದೆ; ಆದರೂ ಈ ಖರ್ಚುಗಳನ್ನು ಅವರು ಪ್ರತಿ ಸಲವೂ ಅನಿರೀಕ್ಷಿತವೆಂಬಂತೆ ಎದುರಿಸುತ್ತಿದ್ದರು. ನನ್ನ ಬಳಿಗೆ ಬರುವ ಸಂಬಳದಾರ ಕುಟುಂಬಗಳಲ್ಲಿ ಹೆಚ್ಚಿನವರ ತೊಂದರೆ ಇಲ್ಲಿಯೇ ಇರುತ್ತದೆ. ತಿಂಗಳ ಖರ್ಚಿಗೆ ಸಂಬಳ ಸಾಲುತ್ತದೆ, ವರ್ಷದ ಖರ್ಚಿಗೆ ಸಾಲುವುದಿಲ್ಲ. ಆದರೆ ಜಗಳವೆಲ್ಲ ತಿಂಗಳ ಖರ್ಚಿನ ಮೇಲೆಯೇ ನಡೆಯುತ್ತದೆ.

ವರ್ಷದ ಖರ್ಚಿನ ಪಟ್ಟಿ ಮಾಡುವಾಗ ಮುಯ್ಯಿಗೆ ಎಷ್ಟಾಗಬಹುದೆಂದು ಕೇಳಿದೆ. ಪತಿ 3,000 ಎಂದರು. ಪತ್ನಿ ಮುಂದಿನ ಭೇಟಿಗೆ ತಮ್ಮ ಮದುವೆಯ ಮುಯ್ಯಿ ಪುಸ್ತಕವನ್ನೇ ತಂದರು. ಮೊದಲ ಪುಟಕ್ಕೆ ಅರಿಶಿನ-ಕುಂಕುಮ ಹಚ್ಚಿದ ಉದ್ದನೆಯ ಪುಸ್ತಕ. ಯಾರು, ಯಾವ ಊರು, ಎಷ್ಟು ಎಂದು ಮೂರು ಕಾಲಂಗಳು. ತಾವು ಈಗಾಗಲೇ ಮುಯ್ಯಿ ತಿರುಗಿಸಿದವರ ಹೆಸರಿನ ಮುಂದೆ ನೀಲಿ ಶಾಯಿಯ ಗುರುತು. ಗುರುತಿಲ್ಲದ ಮನೆಗಳಲ್ಲಿ ಮದುವೆಗೆ ಬಂದ ಮಕ್ಕಳು ಎಷ್ಟು, ಗೃಹಪ್ರವೇಶ ಯಾರದ್ದು ಎಂದು ಆಕೆ ಲೆಕ್ಕ ಹಾಕಿದಾಗ ಬರುವ ವರ್ಷಕ್ಕೆ 11,000 ಬೇಕೆಂದು ತಿಳಿಯಿತು. ತಮಗೆ ಲೆಕ್ಕ ಇಡಲು ಬರುವುದಿಲ್ಲವೆಂದು ಹೇಳುತ್ತಿದ್ದ ಆಕೆ ಹತ್ತಾರು ವರ್ಷಗಳ ಕೊಡು-ಕೊಳ್ಳುವಿಕೆಯನ್ನು ಇಷ್ಟು ಸ್ಪಷ್ಟವಾಗಿ ಇಟ್ಟಿದ್ದುದನ್ನು ಕಂಡು ಪತಿಯೂ ಸುಮ್ಮನಾದರು. ವರ್ಷದ ಪಟ್ಟಿಯನ್ನು ಆಕೆಯ ಕೈಯಲ್ಲಿಯೇ ಬರೆಸಲು ನಿರ್ಧರಿಸಿದ್ದು ಆಗಲೇ.

ಪಟ್ಟಿ ಹೀಗಾಯಿತು: ಇಬ್ಬರು ಮಕ್ಕಳ ಶುಲ್ಕ, ಪುಸ್ತಕ, ಸಮವಸ್ತ್ರಕ್ಕೆ 47,000, ಹಬ್ಬಗಳಿಗೆ ಬಟ್ಟೆ ಸಹಿತ 14,000, ಮನೆದೇವರ ಜಾತ್ರೆಗೆ 5,000, ಜೀವವಿಮೆಯ ವಾರ್ಷಿಕ ಕಂತು 12,400, ಬೈಕಿನ ವಿಮೆ ಮತ್ತು ರಿಪೇರಿಗೆ 4,200, ಮುಯ್ಯಿ 11,000, ವೈದ್ಯಕೀಯ ಪರೀಕ್ಷೆಗಳಿಗೆ 6,000. ಒಟ್ಟು 99,600, ಅಂದರೆ ತಿಂಗಳಿಗೆ 8,300. ಈ ಸಂಖ್ಯೆಯನ್ನು ಕಂಡಾಗ ಪತಿ ಕೂಡಲೇ ನಂಬಲಿಲ್ಲ. ತಮ್ಮ ಮನೆ ಬಾಡಿಗೆಯೇ 8,000, ಅದಕ್ಕಿಂತ ಹೆಚ್ಚಿನ ಮೊತ್ತವೊಂದು ಪ್ರತಿ ತಿಂಗಳೂ ಕಾಣದಂತೆ ಬಾಕಿ ನಿಲ್ಲುತ್ತಿತ್ತೇ ಎಂದು ಮತ್ತೆ ಕೂಡಿಸಿ ನೋಡಿದರು.

ಅನಂತರ ಆದಾಯದ ಕಡೆಗೆ ಬಂದೆವು. ಏರಿಳಿಯುವ ಗಳಿಕೆಯಿರುವ ಮನೆಯಲ್ಲಿ ಅತಿ ಕಡಿಮೆ ಬರುವ ತಿಂಗಳನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸರಾಸರಿಯನ್ನು ನಂಬಿದವರು ಆಷಾಢದಲ್ಲಿ ಕೈಸಾಲ ಮಾಡುತ್ತಾರೆ. ಆದ್ದರಿಂದ ಸಂಬಳದ 31,400 ಮತ್ತು ಹೊಲಿಗೆಯ 3,000, ಒಟ್ಟು 34,400 ಮಾತ್ರ ಲೆಕ್ಕಕ್ಕೆ ಹಿಡಿದೆವು. ಬಾಡಿಗೆ, ದಿನಸಿ, ಹಾಲು, ತರಕಾರಿ, ಔಷಧ, ಶಾಲೆಯ ವ್ಯಾನು, ಪೆಟ್ರೋಲು, ಗ್ಯಾಸು, ಫೋನು, ಸಂಘದ ಕಂತು ಮತ್ತು ಇಬ್ಬರ ಕೈಖರ್ಚು ಸೇರಿ 27,400 ಆಯಿತು. ಉಳಿದ 7,000ಕ್ಕೆ ಗೃಹಲಕ್ಷ್ಮಿಯ 2,000 ಸೇರಿದರೆ 9,000. ವರ್ಷದ ಖರ್ಚಿನ 8,300 ಮತ್ತು ಚಿನ್ನದ ಸಾಲದ ಬಡ್ಡಿಗೆಂದು ತಿಂಗಳಿಗೆ 450 ತೆಗೆದಿಟ್ಟರೆ 250 ರೂಪಾಯಿ ಮಿಗುತ್ತದೆ.

ಹಣ ಇಡುವ ಕ್ರಮವನ್ನು ಸರಳಗೊಳಿಸಿದೆವು. ಗೃಹಲಕ್ಷ್ಮಿ ಜಮೆಯಾಗುವ ಪತ್ನಿಯ ಖಾತೆಯೇ ಇನ್ನು ಮುಂದೆ ವರ್ಷದ ಖಾತೆ. ಸಂಬಳ ಬಂದ ಮರುದಿನ ಪತಿಯ ಖಾತೆಯಿಂದ ಅದಕ್ಕೆ 6,750 ತಾನಾಗಿಯೇ ವರ್ಗವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿಸಿದೆ. ಆ ಖಾತೆಯನ್ನು ಯಾವ ಯುಪಿಐ ಆ್ಯಪ್‌ಗೂ ಜೋಡಿಸಬಾರದು, ಅದರ ಎಟಿಎಂ ಕಾರ್ಡು ಬೀರುವಿನಲ್ಲಿರಬೇಕು. ಗೃಹಲಕ್ಷ್ಮಿಯ ಹಣ ಒಂದು ತಿಂಗಳು ತಡವಾದರೆ ಗಾಬರಿಯಾಗಬೇಕಿಲ್ಲ, ಆದರೆ ಬಾಕಿ ಕಂತುಗಳು ಒಟ್ಟಿಗೆ ಬಂದಾಗ ಅದು ಹೊಸ ಹಣವೆಂದು ಭಾವಿಸಬಾರದೆಂದು ಒತ್ತಿ ಹೇಳಿದೆ. ತರಕಾರಿ, ಹಣ್ಣು, ಹೂವಿಗೆ ವಾರಕ್ಕೆ 500 ರೂಪಾಯಿ ನಗದನ್ನು ಅಡುಗೆಮನೆಯ ಒಂದು ಪರ್ಸಿನಲ್ಲಿ ಇಡುವುದು. ಅದರೊಳಗಿನ ಖರ್ಚನ್ನು ಬರೆಯಬೇಕಿಲ್ಲ, ಯಾರೂ ಕೇಳಬೇಕಿಲ್ಲ. ವಾರದ ಮಧ್ಯೆಯೇ ಮುಗಿದರೆ ಅಷ್ಟನ್ನು ಮಾತ್ರ ಭಾನುವಾರ ಹೇಳುವುದು. ಹಾಲು ಬಾರದ ದಿನಕ್ಕೆ ಸುತ್ತು ಹಾಕುವ, ಸಿಲಿಂಡರ್ ಹಚ್ಚಿದ ದಿನಾಂಕ ಬರೆದಿಡುವ ಗೋಡೆಯ ಕ್ಯಾಲೆಂಡರ್ ಎಲ್ಲರ ಮನೆಯಲ್ಲೂ ಇರುತ್ತದೆ; ವಿಮೆಯ ಕಂತು, ಶುಲ್ಕದ ಕೊನೆಯ ದಿನ, ಚಿನ್ನದ ಸಾಲ ನವೀಕರಿಸುವ ದಿನಗಳನ್ನು ಅದರಲ್ಲಿಯೇ ಕೆಂಪು ಶಾಯಿಯಲ್ಲಿ ಬರೆಸಿದೆ. ಹೊಸ ಆ್ಯಪ್ ಬೇಕೇ ಎಂದು ಪತಿ ಕೇಳಿದರು. ಬೇಡವೆಂದೆ.

ಇಬ್ಬರಿಗೂ ತಲಾ 1,000 ರೂಪಾಯಿ ಕೈಖರ್ಚು ಎಂಬುದಕ್ಕೆ ಮಾತ್ರ ಬಹಳ ಹೊತ್ತು ಚರ್ಚೆಯಾಯಿತು. ಇದಕ್ಕೆ ಲೆಕ್ಕವಿಲ್ಲ: ಪತಿ ಚಹಾಕ್ಕೆ ಹಾಕಲಿ, ಪತ್ನಿ ತವರಿಗೆ ಒಯ್ಯಲಿ. ಇಷ್ಟು ಇಕ್ಕಟ್ಟಿನಲ್ಲಿ 2,000 ರೂಪಾಯಿಯನ್ನು ಲೆಕ್ಕವಿಲ್ಲದೆ ಬಿಡುವುದು ಪತಿಗೆ ದುಂದೆನಿಸಿತು. ಅವರ ಯುಪಿಐ ಲೈಟ್‌ಗೆ ಹಿಂದಿನ ತಿಂಗಳು ತುಂಬಿಸಿದ ಮೊತ್ತವನ್ನು ಅವರಿಂದಲೇ ಕೂಡಿಸಿದಾಗ 2,600 ಬಂತು. ಅಲ್ಲಿಗೆ ಚರ್ಚೆ ನಿಂತಿತು. ಸಾಸಿವೆ ಡಬ್ಬಿಯ ವಿಷಯವನ್ನು ನಾನು ಪತಿಯ ಮುಂದೆ ಎತ್ತಲಿಲ್ಲ. ಗೌಪ್ಯವಾಗಿ ಹೇಳಿದ ಮಾತು ಅದಾಗಿತ್ತಲ್ಲದೆ, ತನ್ನದೆನ್ನುವ ಹಣ ಹೆಣ್ಣುಮಗಳ ಕೈಯಲ್ಲಿ ಇರುವುದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಸುಳ್ಳು ಬರೆಯುವ ಅಗತ್ಯ ಇಲ್ಲದಂತಾದರೆ ಸಾಕಿತ್ತು.

ಕಾರ್ಡಿನ ಸಾಲವನ್ನು ಪತಿ ಸರಿಯಾಗಿಯೇ ತೀರಿಸುತ್ತಿರುವುದಾಗಿ ತಿಳಿದಿದ್ದರು, ಏಕೆಂದರೆ ಪ್ರತಿ ತಿಂಗಳೂ ಬಿಲ್ಲಿನಲ್ಲಿ ತೋರಿಸಿದ ಕನಿಷ್ಠ ಮೊತ್ತ ಸುಮಾರು 2,300 ರೂಪಾಯಿ ಕಟ್ಟುತ್ತಿದ್ದರು. ಬಿಲ್ಲನ್ನು ಬಿಡಿಸಿ ತೋರಿಸಿದೆ. ತಿಂಗಳಿಗೆ ಶೇಕಡಾ 3.5ರಂತೆ 46,000ಕ್ಕೆ ಬಡ್ಡಿಯೇ 1,610, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 290. ಕಟ್ಟಿದ ಹಣದಲ್ಲಿ ಅಸಲಿಗೆ ಹೋಗುತ್ತಿದ್ದುದು 400 ರೂಪಾಯಿ ಮಾತ್ರ. ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ, ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಸಿಗುವುದಿಲ್ಲ. ಅವರು ಕಾರ್ಖಾನೆಯ ನೌಕರರ ಪತ್ತಿನ ಸಹಕಾರ ಸಂಘದ ಸದಸ್ಯರಾಗಿದ್ದುದರಿಂದ, ಅಲ್ಲಿ ವರ್ಷಕ್ಕೆ ಶೇಕಡಾ 12ರ ಬಡ್ಡಿಯಲ್ಲಿ ಸಾಲ ಪಡೆದು ಕಾರ್ಡನ್ನು ಒಂದೇ ಬಾರಿಗೆ ತೀರಿಸಿ ಮುಚ್ಚಿಸಲು ಸಲಹೆ ನೀಡಿದೆ. ಹದಿನೆಂಟು ತಿಂಗಳಿಗೆ ಕಂತು ಸುಮಾರು 2,800. ಮಿಕ್ಕ 250, ಓವರ್‌ಟೈಮ್ ಹಣ, ಮತ್ತು ಹೊಲಿಗೆಯಲ್ಲಿ 3,000 ಮೀರಿ ಬಂದದ್ದು ಇದಕ್ಕೆ ಮೀಸಲು. ಓವರ್‌ಟೈಮ್ 1,500 ಮಾತ್ರ ಬಂದ ಆಷಾಢದಂಥ ತಿಂಗಳಿಗೆ 1,000 ರೂಪಾಯಿಯಷ್ಟು ಕೊರತೆ ಬೀಳುತ್ತದೆ. ಆದ್ದರಿಂದ ವೈಶಾಖದ ಮದುವೆ ಕಾಲದ ಹೆಚ್ಚುವರಿ ಗಳಿಕೆಯಲ್ಲಿ ಅಷ್ಟನ್ನು ಎತ್ತಿಟ್ಟಿರಬೇಕು.

ಎಲ್ಲವೂ ಯೋಜನೆಯಂತೆ ನಡೆಯಲಿಲ್ಲ. ವರ್ಷದ ಖಾತೆ ಆರಂಭವಾದದ್ದು ಜನವರಿಯಲ್ಲಾದ್ದರಿಂದ ಜೂನ್ ಹೊತ್ತಿಗೆ ಪೂರ್ತಿ ಶುಲ್ಕಕ್ಕೆ ಹಣ ಕೂಡಿರಲಿಲ್ಲ. ಶಾಲೆಯವರನ್ನು ಮೊದಲೇ ಭೇಟಿಯಾಗಿ ಕೇಳಿದ್ದರಿಂದ ಎರಡು ಕಂತಿಗೆ ಒಪ್ಪಿದರು, ಹೊಸ ಸಾಲ ಮಾಡದೆ ಮೊದಲ ಕಂತು ಕಟ್ಟಿದರು. ಜಾತ್ರೆಗೆ ಆ ವರ್ಷ ಪತಿ ಮತ್ತು ಅತ್ತೆ ಮಾತ್ರ ಹೋದರು. ಇದರ ಬಗ್ಗೆ ಪತ್ನಿಗೆ ಅಸಮಾಧಾನ ಉಳಿದಿದೆ. ರಾತ್ರಿಯ ವಿಚಾರಣೆ ನಿಂತು, ಭಾನುವಾರ ಬೆಳಿಗ್ಗೆ ಕ್ಯಾಲೆಂಡರಿನ ಮುಂದೆ ಹತ್ತು ನಿಮಿಷದ ಮಾತಾಗಿದೆ. ಎರಡು ಭಾನುವಾರ ತಪ್ಪಿದರೆ ಹಳೆಯ ಜಗಳ ಮತ್ತೆ ತಲೆ ಎತ್ತುತ್ತದೆಂದು ಇಬ್ಬರೂ ಹೇಳುತ್ತಾರೆ.

ಕೊನೆಯ ಭೇಟಿಯಲ್ಲಿ ಪತಿ ಹೊಸ ವಿಚಾರವೊಂದನ್ನು ತಂದರು. ಸಹೋದ್ಯೋಗಿಯೊಬ್ಬರು ಇಪ್ಪತ್ತು ಜನರ, ತಿಂಗಳಿಗೆ 5,000ದ ಚೀಟಿ ನಡೆಸುತ್ತಾರೆ; ಮೊದಲ ತಿಂಗಳೇ ಕೂಗಿ ಎತ್ತಿದರೆ ಅಡವಿಟ್ಟ ಸರವನ್ನು ಬಿಡಿಸಬಹುದು ಎಂಬುದು ಅವರ ಆಲೋಚನೆ. ಆ ಚೀಟಿಗೆ 1982ರ ಚೀಟಿ ನಿಧಿ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಕೇಳಿದೆ, ಇರಲಿಲ್ಲ. ನೋಂದಣಿ ಇದ್ದರೂ ಮೊದಲ ತಿಂಗಳು ಎತ್ತುವವರು ಹೆಚ್ಚು ಮೊತ್ತ ಬಿಟ್ಟುಕೊಡುವುದಾಗಿ ಕೂಗಬೇಕಾಗುತ್ತದೆ, ಕೈಗೆ ಬರುವ ಮೊತ್ತ ಅಷ್ಟು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಹಕಾರ ಸಂಘದ 2,800ರ ಜೊತೆಗೆ ಮತ್ತೊಂದು 5,000 ಎಲ್ಲಿಂದ ಬರುತ್ತದೆಂದು ಅವರನ್ನೇ ಕೇಳಿದಾಗ, ಪುಸ್ತಕದ ಹಿಂಬದಿಯಲ್ಲಿ ಕೂಡಿಸಿ ಕಳೆದು, ಸದ್ಯಕ್ಕೆ ಬೇಡವೆಂದು ತಾವೇ ಹೇಳಿದರು. ಸಹಕಾರ ಸಂಘದ ಸಾಲ ತೀರಿದ ಮೇಲೆ ಅದೇ 2,800ನ್ನು ಚಿನ್ನದ ಸಾಲದ ಅಸಲಿಗೆ ಕಟ್ಟುತ್ತಾ ಹೋಗಬೇಕೆಂದೂ, ಶುಲ್ಕ ಮತ್ತು ಬಾಡಿಗೆ ಏರುವುದರಿಂದ ವರ್ಷದ ಪಟ್ಟಿಯನ್ನು ಪ್ರತಿ ಯುಗಾದಿಗೆ ಹೊಸದಾಗಿ ಬರೆಯಬೇಕೆಂದೂ ತಿಳಿಸಿ, ನಿಯಮಿತ ಭೇಟಿಗಳನ್ನು ನಿಲ್ಲಿಸಿದ್ದೇನೆ.