ತಡವರಿಸಿ ಓದುವ ಅಜ್ಜಿಯೂ, ಒಂದೇ ಪುಸ್ತಕ ಕೇಳುವ ಮಗಳೂ

ಪ್ರಶ್ನೆ: ನನಗೆ 61 ವರ್ಷ. ಓದಿದ್ದು ನಾಲ್ಕನೇ ಕ್ಲಾಸು. ಮಗ, ಸೊಸೆ ಬೆಳಗ್ಗೆ ಗಾರ್ಮೆಂಟ್ಸ್‌ಗೆ ಹೊರಟರೆ ಬರುವುದು ರಾತ್ರಿ ಏಳಕ್ಕೆ. ನಾಲ್ಕು ವರ್ಷದ ಮೊಮ್ಮಗ ನನ್ನ ಹತ್ತಿರವೇ ಇರುತ್ತಾನೆ. ಮೊಬೈಲ್ ಕೊಡದಿದ್ದರೆ ತುತ್ತು ಇಳಿಯುವುದಿಲ್ಲ. ‘ಮನೆಯಲ್ಲಿ ಪುಸ್ತಕ ಓದಿ ಹೇಳಿ’ ಅಂದರು ಅಂಗನವಾಡಿ ಟೀಚರ್. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಅವನು ಎದ್ದು ಓಡಿರುತ್ತಾನೆ. ಮೊನ್ನೆ ಎರಡು ಹಾಳೆ ಹರಿದೂ ಹಾಕಿದ. ನನ್ನಂಥವಳಿಂದ ಆಗುವ ಕೆಲಸವಾ ಇದು?
– ಒಬ್ಬ ಅಜ್ಜಿ, ಮದ್ದೂರು

ಉತ್ತರ: ಖಂಡಿತ ಆಗುತ್ತದೆ ತಾಯಿ. ನನ್ನಂಥ ಟೀಚರಮ್ಮನಿಗಿಂತ ನಿಮ್ಮ ಕೈಯಲ್ಲೇ ಚೆನ್ನಾಗಿ ಆಗುತ್ತದೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಮಂಡ್ಯದ ಸುತ್ತಮುತ್ತ ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಹೆತ್ತ ಮಗನನ್ನು ಪುಸ್ತಕದಿಂದ ಓಡಿಸಿದವಳೂ ನಾನೇ. ಪುಟ ತೆರೆದ ಕೂಡಲೇ ‘ಇದು ಯಾವ ಅಕ್ಷರ? ಇದರ ಬಣ್ಣ ಏನು?’ ಅಂತ ಶುರು ಮಾಡುತ್ತಿದ್ದೆ. ನನ್ನ ಕೈಯಲ್ಲಿ ಪುಸ್ತಕ ಕಂಡರೆ ಹುಡುಗ ಹಿತ್ತಲಿಗೆ ಜಾರಿಕೊಳ್ಳುತ್ತಿದ್ದ.

ಅವನನ್ನು ಮತ್ತೆ ಕೂರಿಸಿದವರು ನಮ್ಮತ್ತೆ. ಅವರದು ಹೆಬ್ಬೆಟ್ಟು. ಒಂದು ಸಂಜೆ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಬಿದ್ದಿದ್ದ ಪುಸ್ತಕದ ಚಿತ್ರ ನೋಡಿ, ‘ಇದೇನ್ಲಾ, ಈ ಎತ್ತಿಗೆ ಮೂಗುದಾರವೇ ಇಲ್ವಲ್ಲ?’ ಅಂದರು. ಮಗ ಬಗ್ಗಿ ನೋಡಿದ. ‘ಸಂಜೆ ಆಯ್ತಲ್ಲಜ್ಜಿ, ಬಿಚ್ಚವ್ರೆ.’ ‘ಮೂಗುದಾರ ಯಾರ್ಲಾ ಬಿಚ್ತಾರೆ, ದಡ್ಡ!’ ಆ ಒಂದು ಪುಟದ ಮೇಲೇ ಕಾಲು ಗಂಟೆ ಜಗಳ ನಡೆಯಿತು. ಅಚ್ಚಾದ ಕಥೆಯಲ್ಲಿ ಎತ್ತು ಸಂತೆಗೆ ಹೋಗುತ್ತಿತ್ತು. ನಮ್ಮತ್ತೆ ಅದನ್ನು ನೇರ ಆಲೆಮನೆಗೆ ಹೊಡೆದುಕೊಂಡು ಹೋದರು. ಒಲೆ ಮುಂದಿದ್ದ ನನಗೆ ‘ಅದು ಹಾಗಲ್ಲ’ ಅಂತ ತಿದ್ದಬೇಕು ಅಂತ ನಾಲಿಗೆ ತುರಿಸಿತು. ಪುಣ್ಯಕ್ಕೆ ಸುಮ್ಮನಿದ್ದೆ. ಮಾರನೇ ದಿನ ಆ ಪುಸ್ತಕವನ್ನು ಅಜ್ಜಿ ಹತ್ತಿರ ಅವನೇ ಎತ್ತಿಕೊಂಡು ಹೋದ.

ನೀವೂ ಸದ್ಯಕ್ಕೆ ಅಕ್ಷರದ ಗೊಡವೆ ಬಿಡಿ. ಚಿತ್ರ ತೋರಿಸಿ ಮಾತಾಡಿ. ಅವನು ಹಾಳೆ ಹಿಂದಕ್ಕೆ ತಿರುವಿದರೆ ಹಿಂದಕ್ಕೇ ಹೋಗಿ. ಎದ್ದು ಓಡಿದರೆ ಓಡಲಿ, ಐದು ನಿಮಿಷ ಕೂತಿದ್ದನಲ್ಲ, ಆ ವಯಸ್ಸಿಗೆ ಅದು ಕಡಿಮೆಯೇನಲ್ಲ. ದಿನವಿಡೀ ನಾವು ಮಕ್ಕಳಿಗೆ ಆಡುವ ಮಾತು ಏನು ಹೇಳಿ? ಬಾ, ಉಣ್ಣು, ಬೇಡ, ಬೀಳ್ತೀಯ. ಪುಸ್ತಕ ತೆರೆದರೆ ತಿಮಿಂಗಿಲ ಬರುತ್ತದೆ, ಹಡಗು ಬರುತ್ತದೆ, ಮುನಿಸಿಕೊಂಡ ಕರಡಿ ಬರುತ್ತದೆ. ಆ ಮಾತುಗಳು ಮದ್ದೂರಿನ ಅಡುಗೆಮನೆಗೆ ಬೇರೆ ದಾರಿಯಿಂದ ಬರುವುದು ಕಷ್ಟ.

ಹಾಳೆ ಹರಿದದ್ದಕ್ಕೆ ಹೊಡೆಯಬೇಡಿ. ಟೇಪು ತಂದು ಅವನ ಕೈಯಲ್ಲೇ ಅಂಟಿಸಿ.

ಮೊಬೈಲ್ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಇದೆ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ. ಕೂತಿರುವ ಹೊತ್ತಿನಲ್ಲಿ ಹಿರಿಯರ ಜೊತೆ ಓದು, ಕಥೆ ಇರಲಿ ಅಂತಲೂ ಅದರಲ್ಲೇ ಹೇಳಿದ್ದಾರೆ. ಆದರೆ ಊಟದ ಹೊತ್ತಿಗೆ ಮೊಬೈಲ್ ಕಸಿದು ಪುಸ್ತಕ ಹಿಡಿಸಬೇಡಿ. ಪುಸ್ತಕದ ಮೇಲೇ ಸಿಟ್ಟು ಬರುತ್ತದೆ, ಸಾರೂ ಚೆಲ್ಲುತ್ತದೆ. ಮಧ್ಯಾಹ್ನ ಮಲಗಿ ಎದ್ದಾಗ ಮಡಿಲಿಗೆ ಬಂದು ಒರಗುತ್ತಾನಲ್ಲ, ಆಗ ತೆಗೆಯಿರಿ.

ಪುಸ್ತಕ ಎಲ್ಲಿಂದ ತರಲಿ ಅಂತೀರಾ? ಹಳ್ಳಿ ಕಡೆಯವರಾದರೆ ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗಿ. ಈಗ ಅದರ ಹೆಸರು ಅರಿವು ಕೇಂದ್ರ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮ ಮೊಮ್ಮಗ ಇನ್ನೂ ಚಿಕ್ಕವನು. ನಿಮ್ಮ ಹೆಸರಲ್ಲಿ ಕೊಡುತ್ತಾರಾ ಕೇಳಿ, ಇಲ್ಲವೇ ಪಕ್ಕದ ಮನೆಯ ದೊಡ್ಡ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಬಾಗಿಲು ಯಾವಾಗ ತೆಗೆದಿರುತ್ತದೆ ಅಂತ ಮೊದಲೇ ವಿಚಾರಿಸಿ. ನಾನೇ ಎರಡು ಸಲ ಬೀಗ ನೋಡಿಕೊಂಡು ಬಂದಿದ್ದೇನೆ.

ಪ್ರಶ್ನೆ: ಮಗಳು ಇಂಗ್ಲಿಷ್ ಮೀಡಿಯಂನಲ್ಲಿ ಎಲ್‌ಕೆಜಿ. ರಾತ್ರಿ ಇಂಗ್ಲಿಷ್ ಪುಸ್ತಕವನ್ನೇ ಓದಬೇಕು ಅಂತಾಳೆ ಹೆಂಡತಿ. ನನಗೆ ಕನ್ನಡವೇ ಸಲೀಸು. ಇನ್ನೊಂದು ತಲೆನೋವು: ತಿಂಗಳಿಂದ ಅದೇ ಆಮೆ ಪುಸ್ತಕ ಬೇಕಂತೆ. ನನಗಂತೂ ಸಾಕಾಗಿದೆ.
– ಒಬ್ಬ ಅಪ್ಪ, ಕುವೆಂಪುನಗರ, ಮೈಸೂರು

ಉತ್ತರ: ನಿಮಗೆ ನಗು, ಸಿಟ್ಟು ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲೇ ಓದಿ. ಕರಡಿ ದನಿ ತೆಗೆಯಲು ಇಂಗ್ಲಿಷಿನಲ್ಲಿ ತಿಣುಕಾಡಿದರೆ ಕರಡಿಯೂ ಸಪ್ಪೆ, ಅಪ್ಪನೂ ಸಪ್ಪೆ. ನಿಮ್ಮ ಮನೆಯವರಿಗೆ ಇಂಗ್ಲಿಷ್ ಸಲೀಸಾದರೆ ಅವರು ಅದನ್ನೇ ಓದಲಿ, ಜಗಳ ಯಾಕೆ? ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅನ್ನುವ ತಾಣ ಶುರು ಮಾಡಿದರು. ಎಷ್ಟೋ ಕಥೆಗಳು ಅಲ್ಲಿ ಕನ್ನಡದಲ್ಲೂ ಇವೆ, ಇಂಗ್ಲಿಷಿನಲ್ಲೂ ಇವೆ, ಚಿತ್ರ ಅವೇ. ದುಡ್ಡು ಕೊಡಬೇಕಿಲ್ಲ. ಇಳಿಸಿಕೊಂಡು ಪ್ರಿಂಟ್ ತೆಗೆಸಿ, ಫೋನ್ ಅವಳ ಕೈಗೆ ಕೊಡಬೇಡಿ. ಕೊಟ್ಟರೆ ಎರಡನೇ ಪುಟಕ್ಕೇ ಕಾರ್ಟೂನ್ ಶುರುವಾಗಿರುತ್ತದೆ.

ಆಮೆ ವಿಷಯಕ್ಕೆ ಬರೋಣ. ಬೇಜಾರು ನಿಮಗೆ, ಅವಳಿಗಲ್ಲ. ಮುಂದೇನು ಬರುತ್ತದೆ ಅಂತ ಮೊದಲೇ ಗೊತ್ತಿರುವುದೇ ಅವಳ ಖುಷಿ. ಇವತ್ತು ರಾತ್ರಿ ಆಮೆ ಬದಲು ‘ಮೊಲ’ ಅಂತ ಓದಿ ಮುಖ ನೋಡಿ. ಹೊದಿಕೆ ಒದ್ದು ಎದ್ದು ಕೂತು, ಪುಟದ ಮೇಲೆ ಬೆರಳಿಟ್ಟು, ಎಲ್‌ಕೆಜಿ ಮಿಸ್ ದನಿಯಲ್ಲೇ ನಿಮ್ಮನ್ನು ತಿದ್ದುತ್ತಾಳೆ.