ಗುಮಟೆಗೆ ಹದಿನೈದೇ ನಿಮಿಷ

ಗಂಗಾವತಿಯ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ರಜೆಯಲ್ಲಿ ಮನೆಮಂದಿಯೆಲ್ಲ ಉತ್ತರ ಕನ್ನಡದ ಕಡಲ ದಂಡೆಗೆ ಹೋದಾಗ ಅಲ್ಲಿ ಮೀನುಗಾರರ ಉತ್ಸವ ನಡೆದಿತ್ತಂತೆ. ದೋಣಿಗಳಿಗೆ ಚೆಂಡುಹೂವಿನ ಹಾರ, ಮರಳಿನ ಮೇಲೆ ದೊಡ್ಡ ವೇದಿಕೆ. ಊರಿನ ಗುಮಟೆ ತಂಡ ಹದಿನೈದು ನಿಮಿಷ ಬಾರಿಸಿ ಕೆಳಗಿಳಿಯಿತು. ಯಕ್ಷಗಾನಕ್ಕೆ ಅರ್ಧ ಗಂಟೆ ಸಿಕ್ಕಿತು. ಆಮೇಲೆ ಮಧ್ಯರಾತ್ರಿಯವರೆಗೂ ದೂರದ ಊರಿನಿಂದ ಬಂದ ಆರ್ಕೆಸ್ಟ್ರಾದ ಸಿನಿಮಾ ಹಾಡು. ವೇದಿಕೆಯ ಹಿಂದೆ ಗುಮಟೆಯವರೊಬ್ಬರು ತಮ್ಮ ವಾದ್ಯವನ್ನು ಇವರ ಮಗನ ಕೈಗೆ ಕೊಟ್ಟರು. ಹುಡುಗ ಅದನ್ನು ತಿರುಗಿಸಿ ನೋಡಿ, "ಇದು ಮಡಿಕಿ ಏನವ್ವಾ?" ಎಂದು ಕೇಳಿದನಂತೆ.

ಪತ್ರದ ಕೊನೆಗೆ ಮೂರು ಪ್ರಶ್ನೆಗಳಿವೆ. ಜನ ಸಿನಿಮಾ ಹಾಡಿಗೇ ಕುಣಿಯುತ್ತಿರುವಾಗ ಅದನ್ನು ಕೊಟ್ಟವರದ್ದು ತಪ್ಪೇ? ಕಡಲೇ ಇಲ್ಲದ ಕೊಪ್ಪಳ ಸೀಮೆಯವರಿಗೆ ಇದರ ಚಿಂತೆ ಯಾಕೆ? ಮಗನಿಗೆ ಇಂಥದ್ದನ್ನು ನಮ್ಮ ಕಡೆ ಎಲ್ಲಿ ತೋರಿಸಲಿ?

ಹುಡುಗನ ಪ್ರಶ್ನೆಯಿಂದಲೇ ಶುರು ಮಾಡುತ್ತೇವೆ. ಹೌದು, ಅದು ಮಡಕೆಯೇ. ಕುಂಬಾರರು ಸುಟ್ಟು ಕೊಟ್ಟ, ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದಿರುತ್ತದೆ. ಬಲಗೈ ಚರ್ಮದ ಮೇಲೆ ಆಡುತ್ತಿದ್ದರೆ ಎಡಗೈ ಸಣ್ಣ ಬಾಯಿಯನ್ನು ಮುಚ್ಚಿ ತೆರೆಯುತ್ತಿರುತ್ತದೆ. ನಾದ ಏರುವುದೂ ಇಳಿಯುವುದೂ ಆ ಎಡ ಅಂಗೈಯಿಂದಲೇ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಡಕ್ಕೂ ರಕ್ಷಣೆ ಕೊಟ್ಟಿರುವುದರಿಂದ ಈಗ ಆಡಿನ ಚರ್ಮ ಬಳಸುತ್ತಾರೆ. ಕಾಯ್ದೆ ಸರಿಯಾದದ್ದೇ. ಕಲಾವಿದರು ಚರ್ಮ ಬದಲಿಸಿಕೊಂಡು ಆಟ ಉಳಿಸಿಕೊಂಡರು.

ಈ ವಾದ್ಯ ಹುಟ್ಟಿದ್ದು ಅಂಗಳಕ್ಕೆ, ಸುಗ್ಗಿ ಹುಣ್ಣಿಮೆಗೆ, ಹೋಳಿಗೆ. ನಾಲ್ಕಾರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಬಾರಿಸುವಂಥದ್ದು. ಕೇಳುವವರು ಎರಡು ಮಾರು ದೂರದಲ್ಲಿರಬೇಕು, ಆಗಲೇ ಅಂಗೈ ಸರಿದಾಗಿನ ಗುಂಯ್ ಎನ್ನುವ ದನಿ ಕಿವಿಗೆ ಬೀಳುವುದು. ಅದನ್ನು ಹತ್ತು ಅಡಿ ಎತ್ತರಕ್ಕೆ ಹತ್ತಿಸಿ, ಡ್ರಮ್ ಸೆಟ್‌ಗೆಂದು ಹೊಂದಿಸಿದ ಮೈಕಿನ ಮುಂದೆ ಕೂರಿಸಿದರೆ ಮಡಕೆ ಬಡಿದ ಸದ್ದೇ ಕೇಳುತ್ತದೆ. ಗುಮಟೆಗೆ ಜನ ಕುಣಿಯಲಿಲ್ಲ ಎಂದು ಬರೆದಿದ್ದೀರಿ. ಜನಕ್ಕೆ ಅದು ಕೇಳಿಸಲೇ ಇಲ್ಲ ತಾಯಿ. ಕೇಳಿಸದ್ದನ್ನು ಇಷ್ಟಪಡಲಿಲ್ಲವೆಂದು ಅವರ ಮೇಲೆ ಹೊರೆ ಹಾಕುವುದು ನ್ಯಾಯವಲ್ಲ.

ಹೀಗೆ ಹೇಳಲು ನಮಗೂ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಹೊಳೆ ದಂಡೆಯ ಒಂದು ಉತ್ಸವದಲ್ಲಿ ತೊಗಲುಗೊಂಬೆಯಾಟ ಇಟ್ಟಿದ್ದರು. ಇಪ್ಪತ್ತು ನಿಮಿಷದ ಅವಕಾಶ. ಬಿಳಿ ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿ, ಗೊಂಬೆ ಒತ್ತಿ ಹಿಡಿದಿದ್ದರು. ವೇದಿಕೆಯ ಮುಂದಿನ ಹ್ಯಾಲೊಜನ್ ದೀಪಗಳನ್ನು ಮಾತ್ರ ಯಾರೂ ಆರಿಸಲಿಲ್ಲ. ಬೆಳಕು ಮುಂದಿನಿಂದ ಬಡಿದರೆ ಪರದೆ ಬರೀ ಬಿಳಿ ಬಟ್ಟೆ. ರಾವಣನ ಕೆಂಪೂ ಕಾಣದು, ಸೀತೆಯ ಹಸಿರೂ ಕಾಣದು. ಪರದೆಯ ಹಿಂದಿನ ಮುದುಕರು ಎರಡು ಸಲ ಹೊರಗೆ ಬಂದು ಕೈಮುಗಿದು ದೀಪ ಆರಿಸಲು ಕೇಳಿಕೊಂಡರು. ಮೂರನೇ ಸಲ ಬರಲಿಲ್ಲ. ನಾವು ಎದ್ದು ಹೋಗಿ ಆರಿಸಬಹುದಿತ್ತು, ಹೋಗಲಿಲ್ಲ. ಆ ನೋವು ಇವತ್ತಿಗೂ ಇದೆ.

ಇನ್ನು ಎರಡನೇ ಪ್ರಶ್ನೆ. ಕಡಲಿಲ್ಲ ನಿಜ, ನೀರಿನವರು ನಮ್ಮಲ್ಲೂ ಇದ್ದಾರಲ್ಲ. ನೀವಿರುವ ಗಂಗಾವತಿಯಿಂದ ತುಂಗಭದ್ರೆ ದಂಡೆಯ ಆನೆಗೊಂದಿ ಎಷ್ಟು ದೂರ? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಹರಿಗೋಲನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದುಂಡನೆಯ ದೋಣಿ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಕುದುರೆ ಎತ್ತುಗಳೂ ದಾಟುತ್ತವೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತದೆ ಎಂದು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿಗೂ ಮುಂಚೆ ಕೆರೆಯಲ್ಲಿ ತೆಪ್ಪೋತ್ಸವ ನಡೆಯುವುದನ್ನು ನೀವೂ ನೋಡಿರುತ್ತೀರಿ.

ಅದಕ್ಕಿಂತ ಹತ್ತಿರದ ನಂಟು ಇನ್ನೊಂದಿದೆ. ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತರ ಇನ್ನೊಂದು ಕುಲಕಸುಬು ಮೀನು ಹಿಡಿಯುವುದು. ಹಗಲು ಹೊಳೆ ಕೆರೆಗಳಲ್ಲಿ ಬಲೆ ಬೀಸಿದ ಕೈಯೇ ರಾತ್ರಿ ಊರ ಬಯಲಲ್ಲಿ ಪರದೆ ಕಟ್ಟಿ ರಾಮಾಯಣ, ಭಾರತ ಆಡಿಸುತ್ತಿತ್ತು. ಗೊಂಬೆಗಳ ಪೆಟ್ಟಿಗೆ ಹೊತ್ತು ಊರೂರು ತಿರುಗಿದವರು ಅವರು. ಮಳೆ ಹಿಂದೆ ಬಿದ್ದ ವರ್ಷ ಊರವರೇ ಕರೆಸಿ ಆಡಿಸುತ್ತಿದ್ದರು, ಗೊಂಬೆ ಆಡಿದರೆ ಮಳೆ ಬರುತ್ತದೆಂಬ ನಂಬಿಕೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಏಳು ದಶಕಕ್ಕೂ ಹೆಚ್ಚು ಕಾಲ ಗೊಂಬೆ ಆಡಿಸಿದ ಮೇಲೆ, ತೊಂಬತ್ತು ದಾಟಿದ ವಯಸ್ಸಿನಲ್ಲಿ. ಆ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ನಮ್ಮ ಮನೆಯ ಅಜ್ಜಿಗೇ ಬಂದಷ್ಟು ಖುಷಿಯಾಗಿತ್ತು.

ಯಕ್ಷಗಾನವೂ ದೂರದ್ದೇನಲ್ಲ. ನಮ್ಮ ದೊಡ್ಡಾಟ ಮೂಡಲಪಾಯ, ಅಂದರೆ ಮೂಡಣ ಸೀಮೆಯ ಶೈಲಿ; ಅವರದು ಪಡುವಲಪಾಯ, ಪಡುವಣದ್ದು. ಹೆಸರಿನಲ್ಲೇ ಒಡಹುಟ್ಟು ಕಾಣುತ್ತದೆ. ಅಲ್ಲಿಯೂ ಬಯಲಾಟ ಅನ್ನುತ್ತಾರೆ, ಇಲ್ಲಿಯೂ ಬಯಲಾಟ ಅನ್ನುತ್ತೇವೆ.

ಜನಕ್ಕೆ ಪುರುಸೊತ್ತಿಲ್ಲ, ರಾತ್ರಿಯಿಡೀ ಯಾರು ಕೂರುತ್ತಾರೆ ಎನ್ನುವವರಿದ್ದಾರೆ. ಯಕ್ಷಗಾನ ಮೇಳಗಳು ಇದನ್ನು ಮೊದಲೇ ಯೋಚಿಸಿವೆ. ಎಷ್ಟೋ ಮೇಳಗಳು ಈಗ ಕಾಲಮಿತಿಯಲ್ಲಿ ಆಡುತ್ತವೆ. ಯಾವ ಪದ್ಯ ಬಿಡಬೇಕು, ಯಾವ ಒಡ್ಡೋಲಗ (ಪಾತ್ರಗಳ ಪ್ರವೇಶದ ಕುಣಿತ) ಉಳಿಯಬೇಕು ಎಂದು ಹಾಡಿ ಆಟ ನಡೆಸುವ ಭಾಗವತರೇ ಕೂತು ತೀರ್ಮಾನಿಸಿ ಪ್ರಸಂಗವನ್ನು ಹೊಂದಿಸಿರುತ್ತಾರೆ. ನಿರೂಪಕರು ವೇದಿಕೆಯ ಪಕ್ಕ ನಿಂತು ಗಡಿಯಾರ ತೋರಿಸುವುದು ಬೇರೆ. ಅರ್ಧ ಗಂಟೆಯಲ್ಲಿ ವೇಷಧಾರಿ ಬರುತ್ತಾನೆ, ನಾಲ್ಕು ಸುತ್ತು ಹಾಕುತ್ತಾನೆ, ಅರ್ಥಗಾರಿಕೆಗೆ, ಅಂದರೆ ಮಾತಿಗೆ, ಬಾಯಿ ತೆರೆಯುವಷ್ಟರಲ್ಲಿ ಇಳಿಯಬೇಕು. ಆ ಮುಖವರ್ಣಿಕೆಗೆ, ಕಿರೀಟ ಕಟ್ಟಿಕೊಳ್ಳುವುದಕ್ಕೆ ಅವನು ಕೂತ ಹೊತ್ತು ಎಷ್ಟು ಎಂದಾದರೂ ಕೇಳಬೇಡವೇ?

ಮೊದಲ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಆರ್ಕೆಸ್ಟ್ರಾ ಕರೆಸಿದ್ದು ತಪ್ಪಲ್ಲ. ಜೂನ್, ಜುಲೈ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಮೇಲೆ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ, ವರ್ಷವಿಡೀ ಅಲೆಯ ಜೊತೆ ಬಡಿದಾಡುವ ಜನ ಅವರು. ಒಂದು ರಾತ್ರಿ ಇಷ್ಟದ ಹಾಡಿಗೆ ಕುಣಿದರೆ ಬೇಡ ಎನ್ನಲು ನಾವ್ಯಾರು? ಆದರೆ ಹೊತ್ತನ್ನು ಹಂಚುವ ರೀತಿ ತಿರುಗಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಿಶೇಷ ವಿನಾಯಿತಿ ಇಲ್ಲದಿದ್ದರೆ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು. ವಿನಾಯಿತಿ ಕೇಳಲು ಓಡಾಡುವ ಬದಲು ಸಂಘಟಕರು ಹತ್ತಕ್ಕೆ ಆರ್ಕೆಸ್ಟ್ರಾ ಮುಗಿಸಲಿ. ದೊಡ್ಡ ದೀಪಗಳನ್ನೂ ಆರಿಸಲಿ. ಆಮೇಲೆ ಮರಳಿನ ಮೇಲೆ ಚಾಪೆ ಹಾಸಿ, ಮೈಕ್ ಇಲ್ಲದೆ ಗುಮಟೆಯವರು ಕೂರಲಿ. ಉಳಿಯುವವರು ಇನ್ನೂರೇ ಜನ ಇರಬಹುದು, ಅವರು ಸುತ್ತಲೂ ಕೂತು ಕೇಳುತ್ತಾರೆ. ನಮ್ಮ ಹೊಳೆ ದಂಡೆಯ ಉತ್ಸವಗಳಿಗೂ ಇದೇ ಮಾತು. ತೊಗಲುಗೊಂಬೆಗೆ ದೊಡ್ಡ ವೇದಿಕೆ ಬೇಕಿಲ್ಲ, ಕತ್ತಲೆ ಬೇಕು. ಅದಕ್ಕೆ ಖರ್ಚೂ ಇಲ್ಲ.

ಮಗನಿಗೆ ಎಲ್ಲಿ ತೋರಿಸಲಿ ಎಂದಿರಿ. ಉತ್ಸವಕ್ಕೆ ಕಾಯಬೇಡಿ, ಒಂದು ಗೊಂಬೆ ತಂಡವನ್ನು ನಿಮ್ಮ ಶಾಲೆಗೇ ಕರೆಸಿ. ಸಂಭಾವನೆ ಎಷ್ಟೆಂದು ಮೊದಲೇ ಮಾತಾಡಿ, ಆಟ ಮುಗಿದ ಕೂಡಲೇ ಕೈಯಲ್ಲಿಡಿ. ಸಂಜೆ ಏಳರ ಮೇಲೆ ಇಟ್ಟುಕೊಳ್ಳಿ. ಅಂಗಳದ ದೀಪದ ಸ್ವಿಚ್ ಎಲ್ಲಿದೆಯೆಂದು ಹಿಂದಿನ ದಿನವೇ ನೋಡಿಕೊಂಡಿರಿ. ಮಕ್ಕಳನ್ನು ಆರು ಗಂಟೆಗೇ ಬರಹೇಳಿ, ಪೆಟ್ಟಿಗೆ ತೆರೆದು ಗೊಂಬೆ ಜೋಡಿಸುವುದನ್ನೂ ಅವರು ನೋಡಲಿ. ನಿಮ್ಮ ಮಗನನ್ನು ಪರದೆಯ ಹಿಂದೆ ಕೂರಿಸಲು ಕೇಳಿ. ಒಂದು ಗೊಂಬೆಯನ್ನು ಅವನ ಕೈಗೂ ಕೊಟ್ಟಾರು.